ಅಂಗಳದಲ್ಲೊಂದು ಬಿಲ

ಜೂನ್ 5, ಮಂಗಳವಾರ

ವಿಶ್ವವಿದ್ಯಾಲಯದ ಹುಡುಗಿ ನೆಲ್ವಾ ಇವತ್ತು ಎರಡು ನೋಟ್‌ಬುಕ್ ಕೊಟ್ಟು ಹೋದಳು. ನಮ್ಮ ಓರೂರೊ ಊರಿನಲ್ಲಿ ಯಾರ ಯಾರ ಮನೆಯಲ್ಲಿ ಬಿಲ ತೋಡುವ ಚಿಪ್ಪಿನ ಪ್ರಾಣಿ ಕಿರ್ಕಿಂಚೊ ಸಾಕಿದ್ದಾರೆ ಎಂದು ಮನೆಮನೆ ತಿರುಗುತ್ತಿದ್ದಾಳೆ. ಅವಳ ಪುಸ್ತಕಗಳಲ್ಲಿ ಅದಕ್ಕೆ ಆರ್ಮಡಿಲೊ ಎಂದು ಹೆಸರಂತೆ. ಪುಸ್ತಕದಲ್ಲಿ ಏನಾದರೂ ಇರಲಿ, ನಮ್ಮ ಮನೆಯಲ್ಲಿ ಅದರ ಹೆಸರು ದೋನ್ ಪೊಲಿ ಎಂದೆ. ನಕ್ಕಳು. ಆಮೇಲೆ ಸಂಕೋಚಪಡುತ್ತಾ ಕೇಳಿದಳು.

"ದೋನ್ಯಾ ಕಸಿಮಿರಾ, ನಿಮಗೆ ಬರೆಯೋಕೆ ಬರುತ್ತಾ?"

"ಯಾಕೆ, ಸಂತೇಲಿ ಆಪಿ ಮಾರೋಳಿಗೆ ಅಕ್ಷರ ಬರಬಾರದು ಅಂತ ಕಾನೂನಿದೆಯಾ?"

ಪಾಪ, ಕಿವಿಯವರೆಗೆ ಕೆಂಪಾದಳು. ದೋನ್ ಪೊಲಿ ಬಿಲದಿಂದ ಹೊರಬಂದ ಹೊತ್ತು, ಒಳಗೆ ಹೋದ ಹೊತ್ತು, ಏನು ತಿಂದ, ಎಲ್ಲಿ ತೋಡಿದ, ಚಳಿ ಎಷ್ಟಿತ್ತು, ಇಷ್ಟನ್ನು ಬರೆದಿಡಬೇಕಂತೆ. ಅದಕ್ಕೆ ಒಂದು ಪುಸ್ತಕ ಸಾಕು. ಇನ್ನೊಂದು ನನಗೆ. ಇದನ್ನು ಯಾರಿಗೂ ಕೊಡುವುದಿಲ್ಲ. ಐವತ್ತೆರಡು ವರ್ಷಕ್ಕೆ ಮೊದಲ ಸಲ ನನ್ನದೇ ಎಂದು ಒಂದು ಪುಸ್ತಕ.

ನನ್ನ ಗಂಡ ಜೆನೋಬಿಯೊ ಚಿಲಿಗೆ ಹೋಗಿ ಮೂರು ವರ್ಷ ಒಂದು ತಿಂಗಳಾಯಿತು. ಅವಳ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಜೂನ್ 9, ಶನಿವಾರ

ಸಂತೆಯಲ್ಲಿ ಜೋಳದ ಬಿಸಿ ಪಾನೀಯ ಆಪಿ ಖಾಲಿಯಾಗಿ ಮನೆಗೆ ಬರುವಾಗ ಹತ್ತು ಗಂಟೆ. ಹತ್ತೂವರೆಗೆ ದೋನ್ ಪೊಲಿ ಹೊರಬಂದ. ಮೊದಲು ಮೂಗು ಮಾತ್ರ ಬರುತ್ತದೆ. ಗಾಳಿಯನ್ನು ಚೆನ್ನಾಗಿ ವಿಚಾರಿಸಿಕೊಂಡ ಮೇಲೆ ಉಳಿದದ್ದು. ಕಣ್ಣು ಅವನಿಗೆ ಹೆಸರಿಗಷ್ಟೇ. ಎದುರಿಗೇ ಕೂತರೂ ಕಾಣುವುದಿಲ್ಲ, ನನ್ನ ಲಂಗಕ್ಕೆ ಹತ್ತಿದ ಎಣ್ಣೆಯ ವಾಸನೆ ಹಿಡಿದು ನಾನೆಂದು ತಿಳಿಯುತ್ತಾನೆ. ಬೆನ್ನಿನ ಚಿಪ್ಪಿನ ಪಟ್ಟಿಗಳ ಸಂದಿಯಿಂದ, ಮುದುಕರ ಕಿವಿಯಲ್ಲಿ ಬೆಳೆದ ಹಾಗೆ, ಉದ್ದುದ್ದ ಕೂದಲು. ಬಿಸಿಲಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ತಲೆಯನ್ನು ಪೂರ್ತಿ ಮಣ್ಣಿಗೆ ತುರುಕಿ ತೋಡಿದ. ಅಷ್ಟು ಹೊತ್ತು ಉಸಿರು ಹೇಗೆ ಕಟ್ಟುತ್ತಾನೋ! ನೋಡುತ್ತಿದ್ದ ನನಗೇ ಉಸಿರು ಸಿಕ್ಕಿಹಾಕಿಕೊಂಡಿತು. ಬಿಳಿಯ ಹುಳ ಎರಡು ಸಿಕ್ಕವು, ಚಪ್ಪರಿಸಿ ತಿಂದ. ನಾನು ಹಾಕಿದ ಮಾಂಸದ ಚೂರು ಆಮೇಲೆ.

ಜೆನೋಬಿಯೊ ಹೋಗುವ ದಿನ ಹೇಳಿದ್ದು ಇಷ್ಟೇ: "ನಾನು ಬರೋವರೆಗೂ ಇವನನ್ನ ನೋಡ್ಕೋ." ನೋಡಿಕೊಳ್ಳುತ್ತಿದ್ದೇನೆ.

ಜೂನ್ 13, ಬುಧವಾರ

ಹೊರಬಂದದ್ದು ಹನ್ನೊಂದಕ್ಕೆ. ಒಳಹೋದದ್ದು ಎರಡಕ್ಕೆ. ಗಾಳಿ. ಚಿಲಿಯಿಂದ ಫೋನ್ ಇಲ್ಲ.

ಜೂನ್ 24, ಭಾನುವಾರ

ಸಂತ ಜಾನ್‌ನ ದಿನ, ವರ್ಷದಲ್ಲೇ ಅತಿ ಕೊರೆಯುವ ಚಳಿ. ಬಕೆಟ್ಟಿನ ನೀರು ಕಲ್ಲಾಗಿತ್ತು. ಪೊಲಿ ಬಿಲ ಬಿಟ್ಟು ಕದಲಲಿಲ್ಲ. ನನಗೂ ಕದಲುವ ಮನಸ್ಸಿರಲಿಲ್ಲ, ಆದರೆ ಜೆನೋಬಿಯೊನ ಅಕ್ಕ ಫೋರ್ತುನಾತಾ ಬಂದಳು. ಬಾಗಿಲಲ್ಲೇ ಶುರು.

"ಏನೇ ಕಸಿಮಿರಾ, ಇನ್ನೂ ಆ ಚಿಪ್ಪಿನ ಗಂಡನ ಜೊತೇನೇ ಸಂಸಾರವಾ?"

"ಅವನು ಹೇಳದೆ ಕೇಳದೆ ಎಲ್ಲೂ ಹೋಗಲ್ಲ ಅತ್ತಿಗೆ."

ಅವಳ ಮುಖ ಕಪ್ಪಿಟ್ಟಿತು. ತಂದ ಬ್ರೆಡ್ಡು ಮೇಜಿನ ಮೇಲಿಟ್ಟಳು. ಸಂತೆಯಲ್ಲಿ ಬ್ರೆಡ್ಡು ಮಾರುವವಳು, ಕೈಬೀಸಿಕೊಂಡು ಎಂದೂ ಬಂದವಳಲ್ಲ. ಚಹಾ ಕುಡಿದು, ಶಾಲಿನ ತುದಿ ತಿರುಚುತ್ತಾ, ವಿಷಯಕ್ಕೆ ಬಂದಳು.

"ನೋಡು, ಮೂರು ವರ್ಷ ಆಯ್ತು. ಈಗ ಫೋನೂ ಇಲ್ಲ, ಕಾಗದವೂ ಇಲ್ಲ. ಈ ಸಲ ಸಂತರ ಹಬ್ಬಕ್ಕೆ ತಮ್ಮನಿಗೆ ಮೇಜು ಹಾಕಿಬಿಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಮೇಜು ಹಾಕುವುದು ಸತ್ತವರಿಗೆ. ನವೆಂಬರ್ ಒಂದರ ಮಧ್ಯಾಹ್ನ ಹನ್ನೆರಡಕ್ಕೆ ಆತ್ಮ ಇಳಿದು ಬಂದು, ಇಷ್ಟದ್ದೆಲ್ಲ ಉಂಡು, ಮರುದಿನ ಹನ್ನೆರಡಕ್ಕೆ ಹೊರಡುತ್ತದೆ. ಬದುಕಿರುವವನಿಗೆ ಮೇಜು ಹಾಕಿದರೆ ಅವನಿಗೆ ಮನೆಯ ದಾರಿ ಮರೆತುಹೋಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

"ಹೆಣ ನೋಡಿದ್ದೀಯಾ? ಗೋರಿ ನೋಡಿದ್ದೀಯಾ? ಒಡಹುಟ್ಟಿದವಳ ಬಾಯಲ್ಲಿ ಬರೋ ಮಾತಾ ಇದು?"

"ಇಲ್ಲ ಕಣೇ, ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ. ಚಹಾ ಕುಡಿದಾಯ್ತಲ್ಲ, ಹೊರಡು."

ಹೊರಟುಹೋದಳು. ಅವಳು ತಂದ ಬ್ರೆಡ್ಡನ್ನು ಸಿಟ್ಟಿಗೆ ಮುಟ್ಟಬಾರದೆಂದುಕೊಂಡೆ. ಸಂಜೆ ಮೂರು ತಿಂದೆ.

ಜುಲೈ 8, ಭಾನುವಾರ

ನೆಲ್ವಾ ತಕ್ಕಡಿ ತಂದಿದ್ದಳು. ಪೊಲಿಯನ್ನು ಹಿಡಿಯುವುದೆಂದರೆ ಅಷ್ಟು ಸುಲಭವೇ? ಕಾಲು ಚಿಪ್ಪಿನೊಳಗೆ ಎಳೆದುಕೊಂಡು, ನೆಲಕ್ಕೆ ಹೊಟ್ಟೆ ಅಂಟಿಸಿ, ಅಂಚುಗಳನ್ನು ಮಣ್ಣಿಗೆ ನಾಟಿ ಕೂತುಬಿಟ್ಟ. ಕೊನೆಗೆ ಎತ್ತಿದಾಗ ಎಳೆಮಗುವಿನಂತೆ ಕಿರುಚಿದ. ಎರಡು ಕಿಲೋಗೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಫೋರ್ತುನಾತಾಳೂ ಬಂದಳು, ಜಗಳವಾಡಿದ್ದು ಮರೆತವಳ ಹಾಗೆ. ಹೊಟ್ಟೆ ಮೇಲಾಗಿ ತಿರುಗಿಸಿದಾಗ ಬಗ್ಗಿ ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

"ಅಯ್ಯೋ ಕನ್ಯೆ ಮಾತೆ! ಇಷ್ಟು ಪುಟ್ಟ ಮೈಗೆ ಇದೇನೇ ಇದು!"

ನೆಲ್ವಾ ಮಾತ್ರ ಪಾಠ ಹೇಳುವ ಮುಖ ಮಾಡಿಕೊಂಡು, "ಚಿಪ್ಪು ಅಡ್ಡ ಬರುತ್ತಲ್ಲ ದೋನ್ಯಾ, ಅದಕ್ಕೇ ಇವುಗಳಲ್ಲಿ ಗಂಡಿಗೆ ಅಷ್ಟುದ್ದ ಇರೋದು" ಎಂದಳು. ನಾವಿಬ್ಬರೂ ಗೋಡೆ ಹಿಡಿದುಕೊಂಡು ನಕ್ಕೆವು. ಕೊನೆಗೆ ಹುಡುಗಿಯೂ ನಕ್ಕಳು. ಈ ಮನೆಯಲ್ಲಿ ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಚಳಿಗಾಲದಲ್ಲಿ ಬಿಸಿಲಿಗಾಗಿ ಹಗಲು ಹೊರಬರುತ್ತವೆ, ಬೇಸಿಗೆಯಲ್ಲಿ ರಾತ್ರಿ ತಿರುಗುತ್ತವೆ ಎಂದು ಹೇಳಿದಳು. ಅಂದರೆ ಈ ನಾಲ್ಕು ತಿಂಗಳು ಮಾತ್ರ ನಾನೂ ಅವನೂ ಒಂದೇ ಹೊತ್ತಿನಲ್ಲಿ ಎಚ್ಚರವಿರುವವರು. ಚಿಪ್ಪಿನ ಎಡಬದಿಗೆ ಕೆಂಪು ಉಗುರುಬಣ್ಣದ ಒಂದು ಗುರುತು ಹಚ್ಚಿದಳು. ಹೊರಡುವಾಗ ಮೆಲ್ಲಗೆ ಹೇಳಿದಳು: "ವರ್ಷದ ಕೊನೆಯೊಳಗೆ ಇವನನ್ನ ಮರಳುಗುಡ್ಡಕ್ಕೆ ಬಿಡಬೇಕಾಗುತ್ತೆ. ಮನೇಲಿ ಇಟ್ಕೊಳ್ಳೋ ಹಾಗಿಲ್ಲ."

"ಇವನು ನನ್ನವನಲ್ಲಮ್ಮ. ನನ್ನ ಗಂಡ ಒಪ್ಪಿಸಿ ಹೋಗಿರೋದು. ಅವನು ಬರಲಿ, ಆಮೇಲೆ ನೋಡೋಣ."

"ಯಾವಾಗ ಬರ್ತಾರೆ?"

ಒಳಗೆ ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಹೇಳಿ ಎದ್ದುಹೋದೆ. ಒಲೆ ಮೇಲೆ ಏನೂ ಇರಲಿಲ್ಲ.

ಜುಲೈ 21, ಶನಿವಾರ

ಇವತ್ತು ಬರೆಯದಿದ್ದರೆ ಎದೆ ಒಡೆದೀತು.

ಬೆಳಗ್ಗೆ ಸಂತೆಯಲ್ಲಿ ಯಾರೋ ಮೊರೆನಾಡಾ ಕುಣಿತದ ಪದ ಗುನುಗುತ್ತಾ ಹೋದರು. ಕಾರ್ನಿವಲ್ ಇನ್ನೂ ಎಲ್ಲೋ ಇದೆ, ನನಗೆ ಮಾತ್ರ ಜೆನೋಬಿಯೊನ ಕೈ ಕಣ್ಣಿಗೆ ಕಟ್ಟಿತು. ಕುಣಿಯುವವರು ಕೈಯಲ್ಲಿ ತಿರುಗಿಸುವ ಗಿಲಕಿ, ಮಾತ್ರಾಕಾ, ಅದನ್ನು ಮಾಡುವುದು ಅವನ ಕಸುಬು. ಅವನ ಅಪ್ಪನದೂ, ಅಜ್ಜನದೂ. ಕಿರ್ಕಿಂಚೊವನ್ನು ಒಣಗಿಸಿ, ಹೊಟ್ಟೆಯೊಳಗೆ ಹಲ್ಲಿನ ಗಾಲಿ ಕೂರಿಸಿ ಮಾಡುತ್ತಿದ್ದರು. ಅವನ ಕೈಯದ್ದು ಕರಕರ ಎಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ನಾನು ಮದುವೆಯಾಗಿ ಬಂದಾಗ ತಂತಿಯ ಮೇಲೆ ನನ್ನ ಬಟ್ಟೆಯ ಪಕ್ಕದಲ್ಲಿ ಆರು ಕಿರ್ಕಿಂಚೊ ಒಣಗುತ್ತಿದ್ದವು. ಹೆದರಿ ಕಿರುಚಿಕೊಂಡಿದ್ದೆ. ಅವನು ಬಂದು, "ಇವು ಕಚ್ಚಲ್ಲ, ಕುಣಿಸ್ತವೆ" ಎಂದಿದ್ದ.

ಆಮೇಲೆ ಕಾನೂನು ಬಂತು, ಕೊಲ್ಲುವ ಹಾಗಿಲ್ಲ. ಮರದ ಮಾತ್ರಾಕಾ ಮಾಡಿ ನೋಡಿದ. ಮರಕ್ಕೆ ಆ ಸದ್ದಿಲ್ಲ ಎಂದು ಯಾರೂ ತಿರುಗಿ ನೋಡಲಿಲ್ಲ. ಕೊನೆಗೊಬ್ಬ ದೊಡ್ಡ ಕುಣಿತದವನು ಕದ್ದುಮುಚ್ಚಿ ಒಂದು ಬೇಕು ಎಂದ. ಇವನು ಮರಳುಗುಡ್ಡಕ್ಕೆ ಹೋಗಿ ಹಿಡಿದು ತಂದ. ಅದೇ ಪೊಲಿ. ಮೂರು ದಿನ ಚಾಕು ಮಸೆದ. ನಾಲ್ಕನೆಯ ದಿನ ನೋಡಿದರೆ ಅಂಗಳದ ಮೂಲೆಯಲ್ಲಿ ಮಂಡಿಯೂರಿ, ಇವನೂ ಅದೂ ಜೊತೆಯಾಗಿ ಮಣ್ಣು ತೋಡುತ್ತಿದ್ದಾರೆ. "ಕೈ ಬರಲಿಲ್ಲ ಕಸಿ" ಎಂದ. ಅಜ್ಜನಿಂದ ಬಂದ ಕಸುಬು ಅಲ್ಲಿಗೆ ಮುಗಿಯಿತು. ತಿಂಗಳೊಳಗೆ ಚಿಲಿಗೆ ಹೊರಟ, ಇಕೀಕೆಯಲ್ಲಿ ಬಡಗಿ ಕೆಲಸವಿದೆ ಎಂದು.

ಮೊದಲ ವರ್ಷ ಪ್ರತಿ ಭಾನುವಾರ ಫೋನ್. ಆಮೇಲೆ ತಿಂಗಳಿಗೊಂದು. ಆಮೇಲೆ ಆ ನಂಬರಿನಲ್ಲಿ ಒಬ್ಬ ಹೆಂಗಸಿನ ಧ್ವನಿ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು. ಈಗಲೂ ಭಾನುವಾರ ಮಾಡುತ್ತೇನೆ, ಅವಳು ಹೇಳುವುದನ್ನು ಪೂರ್ತಿ ಕೇಳಿ ಇಡುತ್ತೇನೆ. ಕೊಲ್ಲಲಾರದ ಕೈಯವನು ಹೆಂಡತಿಯನ್ನು ಮರೆಯುತ್ತಾನೆಯೇ? ಏನೋ ಆಗಿದೆ. ಕಾಲು ಮುರಿದಿರಬೇಕು, ಇಲ್ಲವೇ ಕಾಗದಪತ್ರ ಕಳೆದಿರಬೇಕು. ಅವನ ಬೆವರಿನ ವಾಸನೆಯ ಅಂಗಿ ಇನ್ನೂ ಒಂದಿದೆ. ಒಗೆದಿಲ್ಲ. ಒಗೆಯುವುದೂ ಇಲ್ಲ.

ಆಗಸ್ಟ್ 3, ಶುಕ್ರವಾರ

ಆಗಸ್ಟಿನ ಮೊದಲ ಶುಕ್ರವಾರ. ಪಾಚಾಮಾಮಾ, ನಮ್ಮ ಭೂಮಿತಾಯಿ, ಬಾಯಿ ತೆರೆದುಕೊಂಡಿರುವ ತಿಂಗಳು. ಅಂಗಳದಲ್ಲಿ ಕೆಂಡ ಹಾಕಿ, ಸಿಹಿ ಬಿಲ್ಲೆ, ಉಣ್ಣೆ, ಗಿಡಮೂಲಿಕೆ ಸುಟ್ಟು, ನಾಲ್ಕು ಮೂಲೆಗೂ ಮದ್ಯ ಚಿಮುಕಿಸಿದೆ. ಬೇಡಿಕೊಂಡದ್ದು ಒಂದೇ. ಹೊಗೆಗೆ ಪೊಲಿ ಹೊರಬರಲಿಲ್ಲ.

ಆಗಸ್ಟ್ 4, ಶನಿವಾರ

ಪೊಲಿ ಇಲ್ಲ.

ಗೋಡೆಯ ಬುಡದಲ್ಲಿ ಇನ್ನೊಂದು ಬಾಯಿ. ಆ ಕಡೆ ಬೀದಿ. ಹಸಿ ಮಣ್ಣಿನ ಗುಡ್ಡೆ ಮಾಡಿ ಹೋಗಿದ್ದಾನೆ. ಒಂದು ರಾತ್ರಿಯಲ್ಲಿ ಗೋಡೆಯ ಅಡಿಪಾಯ ದಾಟಿದ್ದಾನೆ, ಕಳ್ಳ.

ಆಗಸ್ಟ್ 5, ಭಾನುವಾರ

ಬಂದಿಲ್ಲ. ಬಿಲದ ಬಾಯಿಗೆ ಮಾಂಸದ ಚೂರು ಇಟ್ಟೆ. ಹೆಜ್ಜೆ ಗುರುತು ತಿಳಿಯಲೆಂದು ಸುತ್ತ ಹಿಟ್ಟು ಉದುರಿಸಿದೆ.

ಆಗಸ್ಟ್ 7, ಮಂಗಳವಾರ

ಹಿಟ್ಟಿನ ಮೇಲೆ ಬೆಕ್ಕಿನ ಹೆಜ್ಜೆ. ಮಾಂಸ ಬೆಕ್ಕಿನ ಪಾಲು.

ಜೆನೋಬಿಯೊ ಬಂದು ಕೇಳಿದರೆ ಏನು ಹೇಳಲಿ? ನೋಡಿಕೋ ಎಂದು ಒಂದೇ ಒಂದು ಕೆಲಸ ಒಪ್ಪಿಸಿದ್ದ.

ಆಗಸ್ಟ್ 15, ಬುಧವಾರ

ನೆಲ್ವಾ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಲದೊಳಗೆ ಟಾರ್ಚ್ ಬಿಟ್ಟು ನೋಡಿ, "ಎಷ್ಟು ಚೆನ್ನಾಗಿ ತೋಡಿದ್ದಾನೆ" ಎಂದು ಹೊಗಳಿದಳು. ನನಗೆ ಅಳು ಬಂತು.

"ಬರ್ತಾನಾ?"

"ದೋನ್ಯಾ ಕಸಿ, ಸುಳ್ಳು ಹೇಳಲ್ಲ. ಇವು ಒಂದು ಬಿಲ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಅದಕ್ಕೆ ಬರಲ್ಲ. ಹೋದಲ್ಲೆಲ್ಲ ಹೊಸದು ತೋಡಿಕೊಳ್ತವೆ."

"ಮೂರು ವರ್ಷ ಕೈಯಾರೆ ತಿನ್ನಿಸಿದ್ದೀನಿ ಕಣಮ್ಮ."

"ಗೊತ್ತು. ಕೋಪ ಮಾಡ್ಕೊಂಡು ಹೋಗಿದ್ದಲ್ಲ ಅದು. ಅದು ಒಂಟಿ ಪ್ರಾಣಿ. ಯಾರನ್ನೂ ಹುಡುಕ್ಕೊಂಡೂ ಹೋಗಲ್ಲ, ಯಾರನ್ನೂ ಬಿಟ್ಟೂ ಹೋಗಲ್ಲ. ಹೋಗುತ್ತೆ ಅಷ್ಟೇ."

ಎಷ್ಟು ಓದಿದರೇನು, ಇಪ್ಪತ್ತನಾಲ್ಕು ವರ್ಷದ ಹುಡುಗಿ. ಬಿಟ್ಟು ಹೋಗುವುದೆಂದರೇನು ಎಂದು ಅವಳಿಗೇನು ಗೊತ್ತು? ಆಪಿ ಕುಡಿಸಿ ಕಳಿಸಿದೆ. ಸಂಜೆ ಮತ್ತೆ ಹಿಟ್ಟು ಉದುರಿಸಿದೆ.

ಸೆಪ್ಟೆಂಬರ್ 2, ಭಾನುವಾರ

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ನನಗೆ ಹೊಸದಲ್ಲ. ಆದರೆ ಈಗ ಎರಡು ಕಡೆ ಕಾಯಬೇಕು. ಇವತ್ತು ಫೋನ್ ಮಾಡುವುದು ಮರೆತೆ.

ಸೆಪ್ಟೆಂಬರ್ 16, ಭಾನುವಾರ

ಸಿಕ್ಕ! ನೆಲ್ವಾ ಓಡೋಡಿ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ದೂರವೇನಿಲ್ಲ, ನಮ್ಮ ಬೀದಿ ಮುಗಿದು ರೈಲಿನ ಕಂಬಿ ಹಾದುಹೋಗುವ ಮಣ್ಣಿನ ಏರಿ. ಅದರ ಓರೆಯಲ್ಲಿ ನಾಲ್ಕು ಬಿಲ. "ನಾಲ್ಕೂ ಇವನದೇ" ಎಂದಳು ಹೆಮ್ಮೆಯಿಂದ, ತಾನೇ ತೋಡಿದ ಹಾಗೆ. ಗಾಳಿಗೆ ಎದುರಾಗಿ ಕೂತು ಕಾದೆವು. ನಾಲ್ಕು ಗಂಟೆಯ ಹೊತ್ತಿಗೆ ಮೂರನೆಯ ಬಿಲದಿಂದ ಮೂಗು ಬಂತು, ಆಮೇಲೆ ಕೆಂಪು ಗುರುತು.

ಏನು ಕೊಬ್ಬಿದ್ದಾನೆ! ನನ್ನ ಅಂಗಳದಲ್ಲಿ ಎಂದೂ ಹಾಗಿರಲಿಲ್ಲ. ಕೂದಲು ಮಿರುಗುತ್ತಿತ್ತು. ನಾನು ಮಾಂಸದ ಚೂರು ಹಿಡಿದು ಮೆಲ್ಲಗೆ ಕೈ ಚಾಚಿದೆ. ಬಂದ. ಮೂಗು ನನ್ನ ಬೆರಳಿಗೆ ತಾಕಿತು, ಒದ್ದೆ. ಒಂದು ಗಳಿಗೆ ನಿಂತ. ನನ್ನ ಗುರುತು ಹಿಡಿದನೆಂದೇ ನನ್ನ ನಂಬಿಕೆ, ನೆಲ್ವಾ ಏನಾದರೂ ಹೇಳಲಿ. ಆಮೇಲೆ ಮಾಂಸವನ್ನು ಮುಟ್ಟದೆ ತಿರುಗಿ, ಏರಿಯ ಮಣ್ಣಿಗೆ ತಲೆ ತುರುಕಿದ.

"ಹಿಡಿದು ತಗೊಂಡು ಹೋಗ್ತೀರಾ?" ನೆಲ್ವಾ ಹೆದರುತ್ತಾ ಕೇಳಿದಳು. ಕೈಗೆಟಕುವಷ್ಟು ಹತ್ತಿರವಿದ್ದ. ಚೀಲವೂ ತಂದಿದ್ದೆ.

"ಅವನಿಗೆ ಊಟದ ಹೊತ್ತು. ತಿನ್ನಲಿ ಬಿಡು" ಎಂದೆ.

ಮನೆಗೆ ಬರುವ ದಾರಿಯುದ್ದಕ್ಕೂ ಅವನನ್ನು ಬೈದೆ. ಕೃತಘ್ನ, ಹೊಟ್ಟೆಬಾಕ. ಮೂರು ವರ್ಷ ನನ್ನ ಮನೆಯಲ್ಲಿ ಬಡಕಲಾಗಿದ್ದು ಈಗ ಮೈ ತುಂಬಿಕೊಂಡಿದ್ದಾನೆ. ಬೈದು ಮುಗಿಯುವಾಗ ಮನೆ ಬಂತು, ಒಳ್ಳೆಯ ಹಸಿವೂ ಆಗಿತ್ತು.

ಅಕ್ಟೋಬರ್ 7, ಭಾನುವಾರ

ಇವತ್ತು ಬರೆಯಲಾರೆ.

ಅಕ್ಟೋಬರ್ 9, ಮಂಗಳವಾರ

ಲಾರಿ ಓಡಿಸುವ ಅಬ್ದೋನ್ ನನ್ನ ಹಳೆಯ ಗಿರಾಕಿ. ಇಕೀಕೆಗೆ ಹೋಗಿ ಬಂದಾಗಲೆಲ್ಲ ಬೆಳಗ್ಗೆ ಬಂದು ಎರಡು ಲೋಟ ಆಪಿ ಕುಡಿಯುತ್ತಾನೆ. ಭಾನುವಾರ ಒಂದೇ ಲೋಟ ಹಿಡಿದುಕೊಂಡು ಆರುವವರೆಗೂ ಕೂತಿದ್ದ.

"ಏನಯ್ಯಾ, ಆಪಿಯಲ್ಲಿ ನೊಣ ಬಿದ್ದಿದೆಯಾ?"

"ಇಲ್ಲ ದೋನ್ಯಾ. ದೋನ್ ಜೆನೋಬಿಯೊ ಸಿಕ್ಕಿದ್ದ."

ಸೌಟು ಕೈಯಲ್ಲೇ ಉಳಿಯಿತು. ಇಕೀಕೆಯ ಮೇಲಿನ ಊರಿನಲ್ಲಿ ಬಾಗಿಲು ಕಿಟಕಿ ಮಾಡುವ ಅಂಗಡಿ ಇಟ್ಟಿದ್ದಾನಂತೆ. ಕಾಲು ಮುರಿದಿಲ್ಲ. ಕಾಗದಪತ್ರವೆಲ್ಲ ಸರಿಯಿದೆ.

"ಹೇಗಿದ್ದಾನೆ?"

"ದಪ್ಪ ಆಗಿದ್ದಾನೆ." ಅಬ್ದೋನ್ ತಲೆ ಎತ್ತಲಿಲ್ಲ. "ಒಬ್ಬಳು ಹೆಂಗಸಿದ್ದಾಳೆ. ಹೆಣ್ಣುಮಗು, ಎರಡು ವರ್ಷದ್ದು, ಅಂಗಡೀಲಿ ಮರದ ಪುಡಿಯಲ್ಲಿ ಆಡ್ತಿತ್ತು."

"ನನ್ನ ವಿಷಯ ಕೇಳಿದನಾ?"

ಆರಿದ ಲೋಟವನ್ನು ಕೆಳಗಿಟ್ಟ. ಸುಳ್ಳು ಹೇಳಲು ಬಾರದ ಮನುಷ್ಯ, ಅದೇ ಅವನ ದೋಷ.

"ಕಿರ್ಕಿಂಚೊ ಬದುಕಿದೆಯಾ ಅಂತ ಕೇಳಿದ."

ಸರದಿಯಲ್ಲಿ ಐದಾರು ಜನ ನಿಂತಿದ್ದರು. ಎಲ್ಲರಿಗೂ ಆಪಿ ಕೊಟ್ಟೆ, ಕರಿದ ಕಡುಬು ಕೊಟ್ಟೆ, ಸಕ್ಕರೆ ಉದುರಿಸಿದೆ. ಒಬ್ಬರೂ ರುಚಿ ಕೆಟ್ಟಿದೆ ಎನ್ನಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಏನು ಮಾಡಿದೆನೆಂದು ಬರೆಯುವುದಿಲ್ಲ. ಎರಡು ವರ್ಷದ ಮಗು. ನಮಗೆ ಮಕ್ಕಳಾಗಲಿಲ್ಲವೆಂದು ಅವನು ಒಂದು ದಿನವೂ ಮುಖ ಮುರಿದವನಲ್ಲ. ಅದೇ ನನಗೆ ಹೆಚ್ಚು ಸಂಕಟ. ಒಂದು ಸಲ ಬೈದಿದ್ದರೆ ಇವತ್ತು ಅವನನ್ನು ದ್ವೇಷಿಸುವುದು ಸಲೀಸಾಗುತ್ತಿತ್ತು.

ಅವನು ಬೇಕು. ಈಗಲೂ ಬೇಕು. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 14, ಭಾನುವಾರ

ಅಂಗಿ ಒಗೆದೆ. ಧೂಳು ಹಿಡಿದಿತ್ತು.

ಅಕ್ಟೋಬರ್ 20, ಶನಿವಾರ

ಬಟ್ಟೆ ಒಣಗಿಸುವ ತಂತಿಗೆ ಹೊಸ ಕಂಬ ಬೇಕಾಗಿತ್ತು. ಈ ಗಟ್ಟಿ ನೆಲದಲ್ಲಿ ಹೊಸ ಗುಂಡಿ ಯಾರು ತೋಡುತ್ತಾರೆಂದು ಪೊಲಿಯ ಬಿಲದಲ್ಲೇ ನಿಲ್ಲಿಸಿ ಕಲ್ಲು ತುಂಬಿದೆ. ಭದ್ರವಾಗಿ ನಿಂತಿದೆ.

ಮಧ್ಯಾಹ್ನ ಫೋರ್ತುನಾತಾ ಬಂದಳು. ಹಬ್ಬದ ಬ್ರೆಡ್ಡು ಸುಡಲು ಒಲೆ ಗೊತ್ತುಮಾಡಬೇಕು, ಹಿಟ್ಟು ಎಷ್ಟು ತರಲಿ ಎಂದು ಸುತ್ತಿಬಳಸಿ ಮಾತಾಡಿದಳು. ನಾನೇ ಕೇಳಿದೆ.

"ಅತ್ತಿಗೆ, ಜೆನೋಬಿಯೊಗೆ ಮೇಜು ಹಾಕೋಣ ಅಂದಿದ್ದೆಯಲ್ಲ?"

"ಅಂದಿದ್ದೆ... ಅದು ಬಿಡು, ನಿನಗೆ ಇಷ್ಟ ಇಲ್ಲ ಅಂದ ಮೇಲೆ..."

"ಹಾಕೋಣ. ನನ್ನ ಮನೇಲೇ."

ನಾಲ್ಕು ತಿಂಗಳಿಂದ ಇದಕ್ಕಾಗಿಯೇ ನನ್ನ ಪ್ರಾಣ ಹಿಂಡಿದವಳು, ಈಗ ಒಪ್ಪಿದರೆ ಸಂತೋಷಪಡಬೇಕಲ್ಲವೇ? ಬಿಳಿಚಿಕೊಂಡಳು. ನಾನು ಅಬ್ದೋನ್ ಹೇಳಿದ್ದನ್ನು ಹೇಳಲಿಲ್ಲ. ಅಕ್ಕನಾದವಳು ಬದುಕಿರುವ ತಮ್ಮನಿಗಾಗಿ ಅಳುತ್ತಾಳೆ, ಅದು ಪಾಪ, ಗೊತ್ತು. ಪಾಪ ಬಂದರೆ ಅರ್ಧ ಅವನಿಗೆ ಹೋಗಲಿ.

ಅಕ್ಟೋಬರ್ 31, ಬುಧವಾರ

ಬೆಳಗಿನಿಂದ ಊರಿನ ಬ್ರೆಡ್ಡಿನ ಒಲೆಯ ಮನೆಯಲ್ಲಿ. ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಊರೆಲ್ಲ ತಮ್ಮ ತಮ್ಮ ಸತ್ತವರಿಗೆ ಬ್ರೆಡ್ಡು ಬಡಿಯುತ್ತಿರುತ್ತದೆ. ಆತ್ಮ ಇಳಿದು ಬರಲು ಬ್ರೆಡ್ಡಿನ ಏಣಿ, ಹೊತ್ತು ಹೋಗಲು ಬ್ರೆಡ್ಡಿನ ಕುದುರೆ, ಆಮೇಲೆ ತಾಂತಾವಾವಾ, ಸತ್ತವರ ಹೆಸರಿನ ಬ್ರೆಡ್ಡಿನ ಬೊಂಬೆ. ಏಣಿ, ಕುದುರೆ ನಾನು ಮಾಡಿದೆ. ಬೊಂಬೆಯನ್ನು ಫೋರ್ತುನಾತಾಳಿಗೆ ಬಿಟ್ಟೆ, ಅವಳ ಕೈ ಅದಕ್ಕೆ ಪಳಗಿದೆ.

ಭುಜ ಮಾಡಿದಳು, ತೋಳು ಮಾಡಿದಳು. ಮುಖಕ್ಕೆ ಬಂದಾಗ ಕೈ ನಿಂತಿತು.

"ನನ್ನ ಕೈಲಾಗಲ್ಲ ಕಸಿಮಿರಾ."

"ಯಾಕೆ?"

"ಅವನು ಸತ್ತಿಲ್ಲ ಕಣೇ."

ಪಕ್ಕದವರಿಗೆ ಕೇಳಿಸದಂತೆ, ಹಿಟ್ಟಿಗೆ ಹೇಳುವಂತೆ ಬಗ್ಗಿ ಹೇಳಿದಳು. ಎರಡು ವರ್ಷದಿಂದ ಗೊತ್ತಂತೆ. ಮಗು ಹುಟ್ಟಿದಾಗ ಫೋನ್ ಮಾಡಿದ್ದನಂತೆ. ಕಸಿಮಿರಾಗೆ ನೀನೇ ಹೇಳು ಎಂದಿದ್ದನಂತೆ, ಹೇಡಿ.

"ಹತ್ತು ಸಲ ನಿನ್ನ ಬಾಗಿಲಿಗೆ ಬಂದೆ. ನೀನು ಆ ಪ್ರಾಣಿ ಮುಂದೆ ಕೂತು ಅವನ ಕಥೆ ಹೇಳ್ತಿರ್ತಿದ್ದೆ. ಬಾಯಿ ಬರಲಿಲ್ಲ. ಸತ್ತ ಅಂತ ನಂಬಿದರೆ ಅತ್ತು ಹಗುರ ಆಗ್ತೀಯ, ಬಿಟ್ಟು ಹೋದ ಅಂದ್ರೆ ಕಾಯ್ತಾನೇ ಇರ್ತೀಯ. ಅದಕ್ಕೇ ಮೇಜು ಅಂದೆ. ನನ್ನ ತಮ್ಮನಿಗೆ ನಾನೇ... ಬದುಕಿರೋವಾಗ್ಲೇ..."

ಹಿಟ್ಟು ಹತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನನಗೆ ಅವಳ ಜಡೆ ಹಿಡಿದು ಎಳೆಯಬೇಕೆನ್ನಿಸಿತು. ಎರಡು ವರ್ಷ! ಎರಡು ವರ್ಷ ನಾನು ಆ ನಂಬರಿಗೆ ಫೋನ್ ಮಾಡುತ್ತಿದ್ದೆ. ಆಮೇಲೆ ನೋಡಿದರೆ ಅವಳ ಹುಬ್ಬಿನ ಮೇಲೆಲ್ಲ ಹಿಟ್ಟು, ಅರವತ್ತರ ಹೆಂಗಸು, ಹುಡುಗಿಯಂತೆ ಬಿಕ್ಕುತ್ತಿದ್ದಾಳೆ. ಎರಡು ವರ್ಷ ಅವಳೂ ಒಬ್ಬಳೇ ಹೊತ್ತಿದ್ದಾಳೆ.

"ನನಗೂ ಗೊತ್ತು ಅತ್ತಿಗೆ. ಅಬ್ದೋನ್ ಹೇಳಿದ."

ಕೈ ತೆಗೆದು ಬಾಯಿ ಬಿಟ್ಟುಕೊಂಡು ನೋಡಿದಳು.

"ಗೊತ್ತಿದ್ದೂ ಮೇಜು ಹಾಕೋಣ ಅಂದ್ಯಾ?"

"ಅಂದೆ."

"ಹಾಗಾದ್ರೆ ಈಗ... ಬೇಡ ಅಲ್ವಾ?"

"ಹಿಟ್ಟು ಉಬ್ಬಿ ಕೂತಿದೆ. ಈಗ ಬೇಡ ಅಂದ್ರೆ ಯಾರು ತಿಂತಾರೆ? ಮೂಗು ಸ್ವಲ್ಪ ಅಗಲ ಮಾಡು, ಅವನದು ಅಷ್ಟು ಚೂಪಲ್ಲ."

ಮೂಗು ಅಗಲ ಮಾಡಿದಳು. ಈಗ ದಪ್ಪ ಆಗಿದ್ದಾನಂತೆ ಎಂದೆ. ಕೆನ್ನೆಗೆ ಇಷ್ಟು ಹಿಟ್ಟು ಸೇರಿಸಿದಳು. ಅಳುತ್ತಾ ಅಳುತ್ತಾ ಇಬ್ಬರಿಗೂ ನಗು ಬಂತು. ಅಕ್ಕಪಕ್ಕದವರು ಪಾಪ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ನವೆಂಬರ್ 1, ಗುರುವಾರ

ಚಾರ್ಕೆಕಾನ್ ಮಾಡಿದೆ. ಒಣಗಿಸಿದ ಲಾಮಾ ಮಾಂಸವನ್ನು ಕುಟ್ಟಿ ಗರಿಗರಿ ಹುರಿದು, ಬೇಯಿಸಿದ ಜೋಳ, ಆಲೂ, ಮೊಟ್ಟೆ, ಚೀಸು. ಖಾರದ ಚಟ್ನಿ ಬೇರೆ ಬಟ್ಟಲಲ್ಲಿ, ಅವನಿಗೆ ಜಾಸ್ತಿ ಬೇಕು. ಕರಿ ಬಟ್ಟೆ ಹಾಸಿದ ಮೇಜಿನ ಮೇಲೆ ಕಬ್ಬು, ಈರುಳ್ಳಿ ಹೂವು, ನೀರಿನ ಲೋಟ, ಏಣಿ, ಕುದುರೆ, ನಡುವೆ ಕೆನ್ನೆ ಉಬ್ಬಿದ ಜೆನೋಬಿಯೊ. ಪಟ ಇಡಲಿಲ್ಲ. ಪಟ ಇಟ್ಟರೆ ಸುಳ್ಳಾಗುತ್ತದೆ ಎಂದು ಇಬ್ಬರಿಗೂ ಅನ್ನಿಸಿತು.

ಹನ್ನೆರಡಕ್ಕೆ ಚರ್ಚಿನ ಗಂಟೆ ಬಾರಿಸಿದಾಗ ಬಾಗಿಲು ತೆರೆದೆ. ಮೂರು ವರ್ಷ ಕಾದಾಗ ಬರದವನು ಇವತ್ತು ಗಂಟೆ ಹೊಡೆದ ಕೂಡಲೇ ಬಂದ. ನಗಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಆದರೆ ಬಂದ. ಮಾಂಸದ ಆವಿ ಬಾಗಿಲ ಕಡೆ ವಾಲಿತು. ಫೋರ್ತುನಾತಾಳೂ ನೋಡಿದಳು. ನಾನು ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮಗುವಿನ ವಿಷಯ ಹೇಳಿದೆ, ಆ ಹೆಂಗಸಿನ ವಿಷಯ ಹೇಳಿದೆ, ಕೈ ಬರಲಿಲ್ಲ ಎಂದು ಮೂಲೆಯಲ್ಲಿ ಕೂತಿದ್ದನಲ್ಲ, ಆವತ್ತು ನನಗೆ ಎಷ್ಟು ಪ್ರೀತಿ ಬಂದಿತ್ತು ಎಂದೂ ಹೇಳಿದೆ. ಅದನ್ನು ಆಗ ಹೇಳಿರಲಿಲ್ಲ.

ನವೆಂಬರ್ 2, ಶುಕ್ರವಾರ

ಬೆಳಗ್ಗೆ ಪ್ರಾರ್ಥನೆ ಹೇಳುವವರು ಬಂದರು. ನೆಲ್ವಾಳೂ ಬಂದಳು, ಸಂತೆಯ ನಾಲ್ಕು ಜನರೂ ಬಂದರು. ಪ್ರಾರ್ಥನೆಯ ಮುದುಕ ಟೋಪಿ ತೆಗೆದು ಕೇಳಿದ.

"ಆತ್ಮದ ಹೆಸರು?"

"ಜೆನೋಬಿಯೊ ಚಾಂಬಿ."

"ಹೋಗಿ ಎಷ್ಟು ವರ್ಷ ಆಯ್ತು?"

"ಮೂರು ವರ್ಷ ಆರು ತಿಂಗಳು. ಮೇಜು ಇದೇ ಮೊದಲು."

"ತಡ ಮಾಡಿದಿರಿ ತಾಯಿ."

"ಹೌದಪ್ಪ, ತಡವಾಯ್ತು."

ಹನ್ನೆರಡಕ್ಕೆ ಮೇಜು ಎತ್ತಬೇಕು, ಬ್ರೆಡ್ಡೆಲ್ಲ ಬಂದವರಿಗೆ ಹಂಚಬೇಕು. ಬೊಂಬೆಯನ್ನು ಯಾರೂ ಮುರಿಯಲು ಮುಂದಾಗಲಿಲ್ಲ, ನಾನೇ ಮುರಿದೆ. ನೆಲ್ವಾಳಿಗೆ ಒಂದು ಕೈ, ಫೋರ್ತುನಾತಾಳಿಗೆ ತಲೆ. ಗಂಟೆ ಬಾರಿಸಿತು. ಎಲ್ಲರೂ ಬಾಗಿಲ ಕಡೆ ತಿರುಗಿ, ಎಲ್ಲ ಮನೆಗಳಲ್ಲೂ ಹೇಳುವ ಹಾಗೆ, "ಮುಂದಿನ ವರ್ಷ ಸಿಗೋಣ ದೋನ್ ಜೆನೋಬಿಯೊ" ಎಂದರು. ಫೋರ್ತುನಾತಾಳೂ ತುಟಿ ಅಲ್ಲಾಡಿಸಿದಳು. ನನ್ನ ಸರದಿ ಬಂತು. ಹೇಳಬೇಕಾದ ಮಾತು ಗೊತ್ತಿತ್ತು, ನಾಲಗೆಯ ಮೇಲೂ ಇತ್ತು. ಬಾಗಿಲಾಚೆ ಬಿಸಿಲು ಕಣ್ಣು ಚುಚ್ಚುತ್ತಿತ್ತು.

"ಬಿಸಿಲು ಜೋರಿದೆ, ಟೋಪಿ ಹಾಕ್ಕೊಂಡು ಹೋಗು" ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋರ್ತುನಾತಾ ಮಾತ್ರ ನಗದೆ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಕೂತು ಅವನ ತಟ್ಟೆಯ ಚಾರ್ಕೆಕಾನ್ ಹಂಚಿಕೊಂಡು ತಿಂದೆವು. ತಟ್ಟೆ ತೊಳೆದು, ನಾಳೆಯ ಆಪಿಗೆ ಜೋಳ ನೆನೆಹಾಕಿದೆ.